ಧೀಂಗಿಣದಲ್ಲಿ ದಾರಿ ತಪ್ಪಿದ ಕ್ಯಾಮೆರಾ, 31ನೇ ಪುಟದ ಒಂದು ಪ್ಯಾರಾ

2022ರ ಫೆಬ್ರುವರಿ. ಕಾಪು ಹತ್ತಿರದ ಒಂದು ಗದ್ದೆಯಲ್ಲಿ ತೆಂಕುತಿಟ್ಟಿನ ಯಕ್ಷಗಾನ ಬಯಲಾಟ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಅಭಿಮನ್ಯುವಿನ ಪುಂಡುವೇಷ (ಎಳೆಯ ವೀರನ ಪಾತ್ರ) ರಂಗಸ್ಥಳಕ್ಕೆ ಬಂತು, ಧೀಂಗಿಣ, ಅಂದರೆ ಗಿರಗಿರನೆ ಸುತ್ತುವ ಕುಣಿತ, ಶುರುವಾಯಿತು. ವೇಷದ ಹಿಂದೆ ತಾನಾಗಿ ತಿರುಗಲಿ ಅಂತ ನಾನು ಮಾಡಿದ ಕ್ಯಾಮೆರಾ ಮೊದಲ ಎರಡು ಸುತ್ತು ಚೆನ್ನಾಗಿಯೇ ಹಿಂಬಾಲಿಸಿತು. ಮೂರನೇ ಸುತ್ತಿಗೆ ಅತ್ತಿತ್ತ ತಡಕಾಡತೊಡಗಿತು. ಐದನೇ ಸುತ್ತಿಗೆ ಹೋಗಿ ಚೆಂಡೆಯವರ ಮೇಲೆ ನಿಂತುಬಿಟ್ಟಿತು. ವೇಷ ಮಾತ್ರ ಆ ಕಡೆ ಸುತ್ತುತ್ತಲೇ ಇತ್ತು.

ಮೂರು ವರ್ಷಗಳ ನಂತರ ನನಗೆ ಪೇಟೆಂಟ್ ಸಿಕ್ಕಿದ್ದು ಆ ರಾತ್ರಿಯ ತೊಂದರೆಗೆ ಹುಡುಕಿದ ಉತ್ತರಕ್ಕೆ. ಆದರೆ ಅರ್ಜಿ ಬರೆಯುವಾಗ ಅದೇ ಮುಖ್ಯ ಅಂತ ನನಗೆ ಗೊತ್ತಿರಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟಿದ್ದು ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ.

ಸಾಧನ ಹೇಗಿದೆ ಅಂತ ಮೊದಲು ಹೇಳುತ್ತೇನೆ. ಎಡಬಲ, ಮೇಲೆ ಕೆಳಗೆ ತಿರುಗುವ, ಜೂಮ್ ಆಗುವ ಒಂದು ಕ್ಯಾಮೆರಾ. ರಂಗಸ್ಥಳದ ನಾಲ್ಕು ಕಂಬಗಳಿಗೆ ನಾಲ್ಕು ಚಿಕ್ಕ ರೇಡಿಯೊ ಪೆಟ್ಟಿಗೆಗಳು. ವೇಷಧಾರಿಯ ಸೊಂಟದ ಪಟ್ಟಿಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಟ್ಯಾಗ್. ಟ್ಯಾಗ್‌ನಿಂದ ಪ್ರತಿ ಕಂಬಕ್ಕೆ ಎಷ್ಟು ದೂರ ಅಂತ ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೊ ಅಳೆಯುತ್ತದೆ. ನಾಲ್ಕು ದೂರ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಕ್ಯಾಮೆರಾದ ಮೋಟಾರಿಗೆ ಆಜ್ಞೆ ಹೋಗಿ ಅದು ತಿರುಗುವಷ್ಟರಲ್ಲಿ ತಡವಾಗುತ್ತದಲ್ವಾ, ಹಾಗಾಗಿ ವೇಷ ಮುಂದೆ ಎಲ್ಲಿರುತ್ತದೆ ಅಂತ ಕಾಲ್ಮನ್ ಫಿಲ್ಟರ್ ಅನ್ನುವ ಲೆಕ್ಕ ಹಾಕಿ ಅಂದಾಜು ಮಾಡುತ್ತೇನೆ. ಮುಖ ಗುರುತಿಸುವ ಸಾಫ್ಟ್‌ವೇರ್ ಮೊದಲೇ ನೋಡಿ ಬಿಟ್ಟಿದ್ದೆ. ಬಣ್ಣ ಹಚ್ಚಿದ ಮುಖ, ಅದೂ ಅರ್ಧ ಹೊತ್ತು ಬೆನ್ನು ತಿರುಗಿಸಿರುವ ಮುಖ. ಅಲ್ಲಿ ಅದು ಕೆಲಸಕ್ಕೆ ಬರಲಿಲ್ಲ.

ಆ ರಾತ್ರಿಯ ಡೇಟಾ ಮನೆಗೆ ತಂದು ವಾರಗಟ್ಟಲೆ ನೋಡಿದೆ. ದೂರದ ಅಳತೆ ಸುಮ್ನೆ ಎಲ್ಲೆಂದರಲ್ಲಿ ತಪ್ಪುತ್ತಿರಲಿಲ್ಲ. ಸುತ್ತಿಗೊಮ್ಮೆ, ಲಯಕ್ಕೆ ಸರಿಯಾಗಿ ತಪ್ಪುತ್ತಿತ್ತು. ನಮ್ಮ ಮೈಯಲ್ಲಿ ನೀರು ಜಾಸ್ತಿ. ಆ ರೇಡಿಯೊ ಅಲೆಯನ್ನು ಮೈ ನುಂಗುತ್ತದೆ. ಟ್ಯಾಗ್ ಮತ್ತು ಕಂಬದ ನಡುವೆ ಮೈ ಅಡ್ಡ ಬಂದಾಗ ನೇರ ಅಲೆ ತಲುಪುವುದಿಲ್ಲ, ಎಲ್ಲಿಗೋ ಬಡಿದು ಸುತ್ತಿ ಬಂದ ಅಲೆ ತಲುಪುತ್ತದೆ. ಆ ಕಂಬ ಇದ್ದದ್ದಕ್ಕಿಂತ ದೂರ ಕಾಣುತ್ತದೆ. ವೇಷ ಸುತ್ತಿದಂತೆ ಮರೆಯಾಗುವ ಕಂಬವೂ ಒಂದಾದ ಮೇಲೊಂದು ಬದಲಾಗುತ್ತದೆ. ಕ್ಯಾಮೆರಾ ತಡಕಾಡುತ್ತಿದ್ದುದಕ್ಕೆ ಕಾರಣ ಅದು.

ಟ್ಯಾಗ್ ಒಳಗೆ ಗೈರೊಸ್ಕೋಪ್ ಹೇಗೂ ಇತ್ತು. ವೇಷ ಈಗ ಯಾವ ದಿಕ್ಕಿಗೆ ತಿರುಗಿದೆ ಅಂತ ಅದು ಹೇಳುತ್ತದೆ. ಹಾಗಾದರೆ ಯಾವ ಕಂಬ ಈಗ ಬೆನ್ನ ಹಿಂದೆ ಮರೆಯಾಗಿದೆ ಅಂತಲೂ ಗೊತ್ತಾಗುತ್ತದೆ. ಆ ಕಂಬದ ಅಳತೆಯನ್ನು ಆ ಕ್ಷಣಕ್ಕೆ ನಂಬಬಾರದು, ಉಳಿದವುಗಳನ್ನು ನಂಬಬೇಕು. ಮಾರ್ಚ್‌ನಲ್ಲಿ ಇಷ್ಟು ಬದಲಾವಣೆ ಮಾಡಿ ಇನ್ನೊಂದು ಆಟಕ್ಕೆ ಹೋದೆ. ಕ್ಯಾಮೆರಾ ಪೂರ್ತಿ ಧೀಂಗಿಣ ಹಿಡಿಯಿತು. ಚೌಕಿಯಲ್ಲಿ ಕೂತು ವೇಷ ಕಳಚುತ್ತಿದ್ದ ಆ ಕಲಾವಿದರಿಗೆ ವಿಡಿಯೊ ತೋರಿಸಿದೆ. ಅವರು ಮೂರು ಸಲ ಹಾಕಿಸಿ ನೋಡಿದರು.

2022ರ ಏಪ್ರಿಲ್‌ನಲ್ಲಿ ಪ್ರೊವಿಶನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿದೆ. ನನ್ನಂಥ ಒಬ್ಬ ವ್ಯಕ್ತಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಕ್ಲಾಸ್ 3 ಡಿಜಿಟಲ್ ಸಿಗ್ನೇಚರ್ ಒಂದು ಬೇಕು, ಅಷ್ಟೇ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಮಯ ಇರುತ್ತದೆ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಆದರೆ ಒಂದು ಸಲವೂ ನಾನು ಚೆನ್ನೈಗೆ ಹೋಗಬೇಕಾಗಿ ಬರಲಿಲ್ಲ.

ಪೇಟೆಂಟ್ ಏಜೆಂಟ್ ಆಗಿರುವ ಸ್ನೇಹಿತರೊಬ್ಬರು ಕರಡು ಓದಿ ಮೊದಲು ಕೇಳಿದ್ದು, "ಅರ್ಜಿಗೆ ಮೊದಲೇ ಇದನ್ನು ಜನರ ಎದುರು ಓಡಿಸಿದ್ದೀರಾ?" ಅಂತ. ನನ್ನ ಎದೆ ಧಸಕ್ ಅಂದಿತು. ಸಾವಿರ ಜನರ ಎದುರು ಎರಡು ರಾತ್ರಿ ಓಡಿಸಿದ್ದೆ! ಸಾರ್ವಜನಿಕವಾಗಿ ಬಳಸಿಬಿಟ್ಟರೆ ಹೊಸತನ ಹೋಗುವ ಅಪಾಯ ಇದೆ. ನಮ್ಮ ಕಾಯ್ದೆಯ ಸೆಕ್ಷನ್ 32 ಸ್ವಲ್ಪ ಆಸರೆ ಕೊಡುತ್ತದೆ. ಅರ್ಜಿಯ ಹಿಂದಿನ ಒಂದು ವರ್ಷದೊಳಗೆ, ಬರೀ ಪರೀಕ್ಷೆಗಾಗಿ, ಜನರ ಎದುರೇ ಮಾಡದೆ ಬೇರೆ ದಾರಿ ಇಲ್ಲದಂಥ ಸಾಧನವಾದರೆ, ಆ ಬಳಕೆಯನ್ನು ಅರ್ಜಿದಾರನ ವಿರುದ್ಧ ಹಿಡಿಯುವುದಿಲ್ಲ. ಬಯಲಾಟದ ಕ್ಯಾಮೆರಾವನ್ನು ಬಯಲಾಟದಲ್ಲಲ್ಲದೆ ಎಲ್ಲಿ ಪರೀಕ್ಷೆ ಮಾಡುವುದು? ಆದರೂ ಸ್ನೇಹಿತರ ಮಾತಿನಂತೆ ಆ ಎರಡು ರಾತ್ರಿಗಳ ತಾರೀಕು, ಯಾರ ಒಪ್ಪಿಗೆಯಿಂದ, ಏನೇನು ಅಳೆದೆ ಎಲ್ಲವನ್ನೂ ಬರೆದಿಟ್ಟೆ. ಹಣ ತೆಗೆದುಕೊಂಡಿಲ್ಲ ಅಂತಲೂ ಬರೆದೆ. ಆ ಪ್ರಶ್ನೆ ಮುಂದೆ ಯಾರೂ ಎತ್ತಲಿಲ್ಲ. ಆದರೆ ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಪೂರ್ಣ ವಿವರಣೆ ಬರೆಯುವ ಮೊದಲು ಹಳೆಯ ಪೇಟೆಂಟ್ ಹುಡುಕಿದೆ. ಭಾರತದ ಇನ್‌ಪಾಸ್, ಯುರೋಪಿನ ಎಸ್ಪೇಸ್‌ನೆಟ್, ಗೂಗಲ್ ಪೇಟೆಂಟ್ಸ್ ಎಲ್ಲವೂ ಬಿಟ್ಟಿಯಾಗಿ ಸಿಗುತ್ತವೆ. ಬರೀ ಪದ ಹಾಕಿ ಹುಡುಕಿದರೆ ಸಾಲದು, ವರ್ಗ ಸಂಖ್ಯೆ ಹಾಕಬೇಕು. ವಸ್ತುವನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುವುದಕ್ಕೆ ಎಚ್04ಎನ್ 23/695, ಚಿತ್ರದೊಳಗೆ ಚಲನೆ ಗುರುತಿಸುವುದಕ್ಕೆ ಜಿ06ಟಿ 7/20. ಹೀಗೆ ಹುಡುಕಿದಾಗ ಟ್ಯಾಗ್ ಹಿಂಬಾಲಿಸುವ ಕ್ಯಾಮೆರಾಗಳು ಸಾಲು ಸಾಲಾಗಿ ಬಂದವು. ನನ್ನದು ಬೇರೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹೇಗೆ ಬೇರೆ ಅಂತ ಕಾಗದದ ಮೇಲೆ ಬರೆಯಲಿಲ್ಲ. ನನ್ನ ದೊಡ್ಡ ತಪ್ಪು ಅದೇ.

ವಿವರಣೆ 34 ಪುಟ ಆಯಿತು, ಕ್ಲೇಮು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇನೆ ಅಂತ ಹೇಳುವ ಅಂಶಗಳು, 14. ಮೂವತ್ತು ಪುಟ, ಹತ್ತು ಕ್ಲೇಮು ದಾಟಿದರೆ ಹೆಚ್ಚಿನ ಶುಲ್ಕ ಇದೆ. ಪುಟಕ್ಕೆ 160, ಕ್ಲೇಮಿಗೆ 320 ರೂಪಾಯಿ. ಪುಟ ಕಡಿಮೆ ಮಾಡೋಣ ಅಂತ ಕೂತೆ. 31ನೇ ಪುಟದಲ್ಲಿ ಒಂದು ಪ್ಯಾರಾ ಇತ್ತು. ಮೈಯ ಹಿಂದೆ ಮರೆಯಾಗುವ ಕಂಬವನ್ನು ಗೈರೊಸ್ಕೋಪ್‌ನಿಂದ ಹೇಗೆ ಗುರುತಿಸುವುದು, ಅದರ ಅಳತೆಯ ತೂಕ ಎಷ್ಟು ಇಳಿಸುವುದು, ಗೈರೊಸ್ಕೋಪ್ ನಿಧಾನವಾಗಿ ದಿಕ್ಕು ತಪ್ಪುವುದನ್ನು ವೇಷ ನಿಂತಾಗ ಹೇಗೆ ಸರಿಮಾಡುವುದು. ಇದು ಬರೀ ಹೊಂದಾಣಿಕೆಯ ವಿವರ, ತೆಗೆಯಬಹುದು ಅನಿಸಿತ್ತು. ಕೊನೆಗೆ 640 ರೂಪಾಯಿ ಕೊಟ್ಟೇ ಬಿಡೋಣ ಅಂತ ಎಲ್ಲವನ್ನೂ ಉಳಿಸಿದೆ. ಈಗ ಅದನ್ನು ನೆನೆದರೆ ಮೈ ಜುಮ್ ಅನ್ನುತ್ತದೆ.

2023ರ ಏಪ್ರಿಲ್‌ನಲ್ಲಿ ಪೂರ್ಣ ವಿವರಣೆಯ ಜೊತೆಗೆ ಫಾರ್ಮ್ 9, ಫಾರ್ಮ್ 18 ಎರಡನ್ನೂ ಹಾಕಿದೆ. ಫಾರ್ಮ್ 9 ಬೇಗ ಪ್ರಕಟಿಸಿ ಅಂತ ಕೇಳುವುದಕ್ಕೆ, ಇಲ್ಲದಿದ್ದರೆ 18 ತಿಂಗಳು ಕಾಯಬೇಕು. ಫಾರ್ಮ್ 18 ಪರೀಕ್ಷೆ ಮಾಡಿ ಅಂತ ಕೇಳುವುದಕ್ಕೆ, 4,000 ರೂಪಾಯಿ. ಪರೀಕ್ಷೆ ತಾನಾಗಿ ನಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ, ಕೇಳಲೇಬೇಕು. ಕೇಳದಿದ್ದರೆ ಅರ್ಜಿ ಹಿಂತೆಗೆದುಕೊಂಡ ಹಾಗೆ. ಆ ಗಡುವು 48 ತಿಂಗಳು ಇದ್ದದ್ದು 2024ರ ಮಾರ್ಚ್‌ನ ತಿದ್ದುಪಡಿಯಿಂದ ಹೊಸ ಅರ್ಜಿಗಳಿಗೆ 31 ತಿಂಗಳಾಗಿದೆ.

ಸುಮಾರು ಒಂದು ವರ್ಷದ ನಂತರ ಮೊದಲ ಪರೀಕ್ಷಾ ವರದಿ ಬಂತು. ಎಂಟು ಪುಟ. ಮೊದಲ ಕ್ಲೇಮಿಗೆ ಹೊಸತನವೇ ಇಲ್ಲ ಅಂತ ಬರೆದಿದ್ದರು. ಡಿ1 ಅಂತ ಒಂದು ಅಮೆರಿಕದ ದಾಖಲೆ ತೋರಿಸಿದ್ದರು. ಟ್ಯಾಗ್, ತಿರುಗುವ ಕ್ಯಾಮೆರಾ, ಮುಂದಿನ ಜಾಗದ ಅಂದಾಜು ಮೂರೂ ಅದರಲ್ಲಿದ್ದವು. ಡಿ2 ಆಟಗಾರರ ಮೈಗೆ ಕಟ್ಟುವ ಗೈರೊಸ್ಕೋಪ್ ಪಟ್ಟಿ. ಎರಡನ್ನೂ ಸೇರಿಸಿದರೆ ಈ ಕೆಲಸ ಬಲ್ಲ ಯಾರಿಗಾದರೂ ನನ್ನ ಉಳಿದ ಕ್ಲೇಮುಗಳು ಹೊಳೆಯುತ್ತವೆ ಅನ್ನುವುದು ಅವರ ವಾದ. ಇದರ ಮೇಲೆ ಸೆಕ್ಷನ್ 3(ಕೆ)ಯ ಆಕ್ಷೇಪ: ಇದು ಬರೀ ಅಲ್ಗಾರಿದಮ್, ಅಂದರೆ ಲೆಕ್ಕದ ಹಂತಗಳು. "ವೇಗವಾಗಿ", "ಸುಮಾರು" ಅನ್ನುವ ಪದಗಳು ಅಸ್ಪಷ್ಟ. ಕ್ಲೇಮಿನಲ್ಲಿ ಚಿತ್ರದ ಸಂಖ್ಯೆಗಳಿಲ್ಲ.

ಮೊದಲ ದಿನ ಸಿಟ್ಟು ಬಂತು. ಗದ್ದೆಯಲ್ಲಿ ನಿದ್ದೆಗೆಟ್ಟು ಮಾಡಿದ ಕೆಲಸ, ಮೇಜಿನ ಮುಂದೆ ಕೂತವರು ಹೊಸದಲ್ಲ ಅಂದುಬಿಟ್ಟರಲ್ಲ ಅಂತ. ಎರಡು ದಿನ ಬಿಟ್ಟು ಡಿ1 ಪೂರ್ತಿ ಮುದ್ರಿಸಿ, ಪೆನ್ಸಿಲ್ ಹಿಡಿದು ಓದಿದೆ. ಪ್ರತಿ ಸಾಲಿನ ಪಕ್ಕ ನನ್ನ ಕ್ಲೇಮಿನ ಯಾವ ಭಾಗ ಅಂತ ಬರೆಯುತ್ತಾ ಹೋದೆ. ಎಲ್ಲವೂ ಇತ್ತು. ಪರೀಕ್ಷಕರು ಸರಿಯಾಗಿಯೇ ಓದಿದ್ದರು. ನನ್ನ ಮೊದಲ ಕ್ಲೇಮು ಡಿ1ರ ಸಾಧನವನ್ನೇ ಬೇರೆ ಮಾತಿನಲ್ಲಿ ಹೇಳಿತ್ತು.

ಆಮೇಲೆ ಒಂದು ಹಾಳೆ ತೆಗೆದು ಎರಡು ಕಾಲಂ ಹಾಕಿದೆ. ಎಡಕ್ಕೆ ಡಿ1 ಮತ್ತು ಡಿ2ರಲ್ಲಿ ಇರುವುದು. ಬಲಕ್ಕೆ ನನ್ನ 34 ಪುಟಗಳಲ್ಲಿದ್ದು ಅವೆರಡರಲ್ಲೂ ಇಲ್ಲದ್ದು. ಬಲಗಡೆ ಉಳಿದದ್ದು ಒಂದೇ. 31ನೇ ಪುಟದ ಆ ಪ್ಯಾರಾ. ಡಿ1ರಲ್ಲಿ ಟ್ಯಾಗ್ ಹೊತ್ತವನ ಮೈ ಅಡ್ಡ ಬರುವ ಮಾತೇ ಇಲ್ಲ. ಡಿ2ರ ಗೈರೊಸ್ಕೋಪ್ ಎಷ್ಟು ಸುತ್ತು ಆಯಿತು ಅಂತ ಎಣಿಸುತ್ತದೆ, ಅಷ್ಟೇ. ಯಾವ ಕಂಬವನ್ನು ನಂಬಬೇಕು ಅಂತ ಗೈರೊಸ್ಕೋಪ್‌ನಿಂದ ತಿಳಿಯುವುದು ಎರಡರಲ್ಲೂ ಇರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪರೀಕ್ಷೆಯ ಹೊತ್ತಿಗೆ ಕ್ಲೇಮು ತಿದ್ದಬಹುದು, ಆದರೆ ವಿವರಣೆಯಲ್ಲಿ ಮೊದಲೇ ಇಲ್ಲದ್ದನ್ನು ಸೇರಿಸುವಂತಿಲ್ಲ. ಸೆಕ್ಷನ್ 59 ಅದಕ್ಕೆ ಬಾಗಿಲು ಮುಚ್ಚಿದೆ. ತಿದ್ದಿದ ಕ್ಲೇಮು ಹಳೆಯ ಕ್ಲೇಮಿನ ವ್ಯಾಪ್ತಿಯ ಒಳಗೇ ಬರಬೇಕು. ಸಣ್ಣದು ಮಾಡಬಹುದು, ದೊಡ್ಡದು ಮಾಡಲಾಗದು. ಆ ಪ್ಯಾರಾ ನಾನು ತೆಗೆದಿದ್ದರೆ ಈಗ ಹೇಳಲು ಏನೂ ಇರುತ್ತಿರಲಿಲ್ಲ.

ಉತ್ತರಕ್ಕೆ ಆರು ತಿಂಗಳು ಕೊಡುತ್ತಾರೆ. ಫಾರ್ಮ್ 4 ಹಾಕಿದರೆ ಇನ್ನೂ ಮೂರು ಸಿಗುತ್ತದೆ. ನಾನು ಐದನೇ ತಿಂಗಳಲ್ಲಿ ಕಳಿಸಿದೆ. 14 ಕ್ಲೇಮು ಆರಕ್ಕೆ ಇಳಿಯಿತು. ಮೊದಲ ಕ್ಲೇಮಿನೊಳಗೇ ಆ ಪ್ಯಾರಾವನ್ನು ತಂದೆ. "ವೇಗವಾಗಿ" ಹೋಗಿ, ಸೆಕೆಂಡಿಗೆ ಇಷ್ಟು ಡಿಗ್ರಿ ದಾಟಿದಾಗ ಅಂತ ಬಂತು. ಆ ಸಂಖ್ಯೆಯೂ ಪುಣ್ಯಕ್ಕೆ ಅದೇ ಪುಟದಲ್ಲಿತ್ತು.

3(ಕೆ)ಗೆ ಉತ್ತರ ಬರೆಯಲು ಜಾಸ್ತಿ ಹೊತ್ತು ಹಿಡಿಯಿತು. ಕಾಯ್ದೆಯಲ್ಲಿ ಇರುವುದು ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರಿಯ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಅಲ್ಗಾರಿದಮ್ ಆವಿಷ್ಕಾರ ಅಲ್ಲ ಅಂತ. ಪೇಟೆಂಟ್ ಕಚೇರಿಯ 2016ರ ಮಾರ್ಗಸೂಚಿ ಹೊಸ ಹಾರ್ಡ್‌ವೇರ್ ಬೇಕೇ ಬೇಕು ಅಂದಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು. 2019ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ತಾಂತ್ರಿಕ ಪರಿಣಾಮ ಏನು, ತಾಂತ್ರಿಕ ಕೊಡುಗೆ ಏನು ಅಂತ ನೋಡಬೇಕು ಎಂದಿತು. ನಾನು ದೊಡ್ಡ ವಾದ ಮಾಡಲಿಲ್ಲ. ಫೆಬ್ರುವರಿ ರಾತ್ರಿಯ ಅಳತೆ, ಮಾರ್ಚ್ ರಾತ್ರಿಯ ಅಳತೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದೇ ಕಲಾವಿದರು, ಅದೇ ಕುಣಿತ. ಮೊದಲ ಗ್ರಾಫ್‌ನಲ್ಲಿ ಸುತ್ತಿಗೊಂದು ಏರು. ಎರಡನೆಯದರಲ್ಲಿ ಆ ಏರು ಇಲ್ಲ, ಮೋಟಾರು ನಡುಗುವುದಿಲ್ಲ. ಲೆಕ್ಕದ ಫಲ ಕಾಗದದ ಮೇಲೆ ನಿಲ್ಲದೆ ಒಂದು ಭಾರವಾದ ಕ್ಯಾಮೆರಾವನ್ನು ಸರಿಯಾಗಿ ತಿರುಗಿಸುತ್ತಿದೆ ಅಂತ ತೋರಿಸಿದೆ.

2025ರ ಜನವರಿಯಲ್ಲಿ ಹಿಯರಿಂಗ್ ಬಂತು, ವಿಡಿಯೊ ಕರೆಯಲ್ಲಿ. ಪರೀಕ್ಷಕರು ವರದಿ ಬರೆಯುತ್ತಾರೆ, ತೀರ್ಮಾನ ಅವರ ಮೇಲಿನ ಅಧಿಕಾರಿ ಕಂಟ್ರೋಲರ್ ಅವರದು. ಇಪ್ಪತ್ತು ನಿಮಿಷ. ಕಂಟ್ರೋಲರ್ ಕೇಳಿದ ಪ್ರಶ್ನೆ ಬಹಳ ಸರಳ. ಮೈ ಅಡ್ಡ ಬಂದದ್ದನ್ನು ರೇಡಿಯೊ ಅಲೆಯ ಬಲ ನೋಡಿಯೇ ತಿಳಿಯಬಹುದಲ್ಲ, ಗೈರೊಸ್ಕೋಪ್ ಯಾಕೆ? ಒಳ್ಳೆಯ ಪ್ರಶ್ನೆ. ನಾನು ಅದನ್ನು ನಿಜವಾಗಿ ಮಾಡಿ ನೋಡಿದ್ದೆ. ಅಲೆ ದುರ್ಬಲವಾಯಿತು ಅಂತ ಗೊತ್ತಾಗುವಷ್ಟರಲ್ಲಿ ವೇಷ ಮುಂದಿನ ಕಂಬಕ್ಕೆ ಬೆನ್ನು ಮಾಡಿರುತ್ತದೆ. ಗೈರೊಸ್ಕೋಪ್ ಆದರೆ ಮುಂದೆ ಯಾವ ಕಂಬ ಮರೆಯಾಗುತ್ತದೆ ಅಂತ ಮೊದಲೇ ಹೇಳುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ಬರೆದು ಕೊಡಿ ಅಂದರು. 15 ದಿನದೊಳಗೆ ಬರೆದು ಕೊಡಬೇಕು. ನಾನು ನಾಲ್ಕೇ ದಿನದಲ್ಲಿ ಕೊಟ್ಟೆ, ವಿವರಣೆಯ ಯಾವ ಸಾಲು ಅದನ್ನು ಹೇಳುತ್ತದೆ ಅಂತ ಗುರುತು ಹಾಕಿ.

ಮಾರ್ಚ್‌ನಲ್ಲಿ ಪೇಟೆಂಟ್ ಕೊಟ್ಟರು. ಅರ್ಜಿ ಹಾಕಿದ ದಿನದಿಂದ 20 ವರ್ಷ, ಅಂದರೆ 2042ರ ಏಪ್ರಿಲ್‌ವರೆಗೆ. ಮೂರನೇ ವರ್ಷದ ನವೀಕರಣಕ್ಕೆ 800 ರೂಪಾಯಿ ಕಟ್ಟಿದೆ. ಪ್ರಮಾಣಪತ್ರದ ಒಂದು ಪ್ರತಿ ಆ ಕಲಾವಿದರ ಮನೆಗೂ ತೆಗೆದುಕೊಂಡು ಹೋಗಿ ಕೊಟ್ಟೆ. ಅವರ ಸೊಂಟದ ಪಟ್ಟಿ ಇಲ್ಲದೆ ಇದು ಆಗುತ್ತಿರಲಿಲ್ಲ.

ಈಗ ತಲೆ ತಿನ್ನುತ್ತಿರುವುದು ಎರಡು ವೇಷಗಳ ಕುಣಿತ. ಒಬ್ಬರ ಮೈ ಇನ್ನೊಬ್ಬರ ಟ್ಯಾಗ್‌ಗೆ ಅಡ್ಡ ಬರುತ್ತದೆ. ಒಂದು ಉಪಾಯ ಹೊಳೆದಿದೆ. ಮುಖ್ಯ ಪೇಟೆಂಟ್‌ಗೆ ಸೇರಿಸುವ ಅಡಿಶನ್ ಪೇಟೆಂಟ್ ಅಂತ ಹಾಕಬಹುದು, ಅದಕ್ಕೆ ಬೇರೆ ನವೀಕರಣ ಶುಲ್ಕ ಇಲ್ಲ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಒಂದು ಆಟದಲ್ಲಾದರೂ ನೋಡಬೇಕು. ಅದಕ್ಕೂ ಮೊದಲು ಅರ್ಜಿ ಹೋಗಬೇಕು. ಎರಡು ಕಾಲಂನ ಹಾಳೆ ಈಗಲೇ ಮೇಜಿನ ಮೇಲಿದೆ, ಬಲಗಡೆ ನಾಲ್ಕು ಸಾಲು ತುಂಬಿದೆ.