ಅಮೆರಿಕದ ವಿದೇಶಾಂಗ ನೀತಿ: ಗುರಿಗಳ ನಡುವೆ ಆದ್ಯತೆ ಗುರುತಿಸುವುದು ಹೇಗೆ?

ಕೋಚಿಂಗ್ ಕೇಂದ್ರಗಳಿರುವ ಧಾರವಾಡದ ಸಪ್ತಾಪುರದಲ್ಲಿ ಕೈಯಿಂದ ಕೈಗೆ ಓಡಾಡುವ ಜೆರಾಕ್ಸ್ ನೋಟ್ಸ್‌ನಲ್ಲಿ ಅಮೆರಿಕದ ಗುರಿಗಳು ಸಾಲಾಗಿ ಸಿಗುತ್ತವೆ: ಭದ್ರತೆ, ವ್ಯಾಪಾರ, ಪ್ರಜಾಪ್ರಭುತ್ವ, ಮಾನವ ಹಕ್ಕು. ಇಷ್ಟನ್ನೇ ಬಾಯಿಪಾಠ ಮಾಡಿ ಬರೆದರೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 15 ಅಂಕದ ಉತ್ತರಕ್ಕೆ ಸಾಲದು. ಎರಡು ಗುರಿಗಳು ಎದುರುಬದುರಾದಾಗ ಯಾವುದನ್ನು ಕೈಬಿಟ್ಟರು ಎಂದು ಹುಡುಕಿ.

ಮೊದಲು ಅಮೆರಿಕದ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರದ ದಾಖಲೆ ಓದಿ. 1986ರ ಗೋಲ್ಡ್‌ವಾಟರ್–ನಿಕೋಲ್ಸ್ ಕಾಯ್ದೆಯ ಪ್ರಕಾರ ಅಧ್ಯಕ್ಷರು ಅದನ್ನು ಪ್ರತಿ ವರ್ಷ ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತು) ಕೊಡಬೇಕು. ವರ್ಷವರ್ಷ ಕೊಡುವುದು ಅಪರೂಪ, ಆ ಮಾತು ಬೇರೆ. ಎರಡು ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ. 2002ರದ್ದರಲ್ಲಿ ಭಯೋತ್ಪಾದನೆ, ಮುಂಚಿತ ದಾಳಿ. 2017ರದ್ದರಲ್ಲಿ ಚೀನಾ, ರಷ್ಯಾಗಳೊಡನೆ ಪೈಪೋಟಿ. ಕೆಳಗಿಳಿದ ವಿಷಯಕ್ಕೆ ಗೆರೆ ಎಳೆಯಿರಿ.

ಆಮೇಲೆ ದುಡ್ಡಿನ ಲೆಕ್ಕ. 2016ರ ಒಪ್ಪಂದದಲ್ಲಿ ಇಸ್ರೇಲ್‌ಗೆ ಹತ್ತು ವರ್ಷಕ್ಕೆ 38 ಬಿಲಿಯನ್ ಡಾಲರ್ ಸೇನಾ ನೆರವು ಗೊತ್ತಾಯಿತು. ಭಾಷಣಕ್ಕಿಂತ ಇಂಥ ಅಂಕಿ ನಂಬಿಕಸ್ತ.

ಪರೀಕ್ಷೆಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು 1971ರ ಬಾಂಗ್ಲಾದೇಶ ಬಿಕ್ಕಟ್ಟು. ಪಾಕಿಸ್ತಾನದ 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಪಕ್ಷ ಅವಾಮಿ ಲೀಗ್ ಬಹುಮತ ಪಡೆದಿತ್ತು. ಪ್ರಜಾಪ್ರಭುತ್ವವೇ ಮೇಲಿದ್ದಿದ್ದರೆ ಅಮೆರಿಕ ಅದರ ಪರ ನಿಲ್ಲಬೇಕಿತ್ತು. ಢಾಕಾದಲ್ಲಿದ್ದ ಅದರದೇ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲಿ ತಂತಿ ಕಳಿಸಿ, ಅಲ್ಲಿ ಪಾಕ್ ಸೇನೆ ನಡೆಸಿದ ದಮನದ ಬಗ್ಗೆ ಅಮೆರಿಕ ಸುಮ್ಮನಿದ್ದುದಕ್ಕೆ ಭಿನ್ನಮತ ದಾಖಲಿಸಿದರು, ವಾಷಿಂಗ್ಟನ್ ಕಿವಿಗೊಡಲಿಲ್ಲ. ಕಾರಣ ಜುಲೈನಲ್ಲಿ ಬಯಲಾಯಿತು: ಅಧ್ಯಕ್ಷರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದ ಮೂಲಕವೇ ಗುಟ್ಟಾಗಿ ಬೀಜಿಂಗ್‌ಗೆ ಹೋಗಿಬಂದಿದ್ದರು. ಸೋವಿಯತ್ ಒಕ್ಕೂಟವನ್ನು ಕಟ್ಟಿಹಾಕಲು ಚೀನಾ ಬೇಕಿತ್ತು, ಚೀನಾಕ್ಕೆ ಹೋಗುವ ದಾರಿ ಪಾಕಿಸ್ತಾನದ ಸೇನಾ ಆಡಳಿತಗಾರ ಯಾಹ್ಯಾ ಖಾನ್ ಕೈಯಲ್ಲಿತ್ತು. ಡಿಸೆಂಬರ್‌ನಲ್ಲಿ ಭಾರತ–ಪಾಕ್ ಯುದ್ಧದ ನಡುವೆ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಹೊರಟಿತು.

ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿ: ಘಟನೆ, ಹೇಳಿದ ಗುರಿ, ಗೆದ್ದ ಗುರಿ, ಕಾರಣ. ನಾಲ್ಕನೆಯದು ಖಾಲಿ ಉಳಿದರೆ ಆ ಉದಾಹರಣೆ ಬಿಟ್ಟುಬಿಡಿ. 250 ಪದಗಳ ಉತ್ತರದಲ್ಲಿ ಗುರಿಗಳ ಪಟ್ಟಿಗೆ 50 ಪದ ಸಾಕು.

ಹೆಚ್ಚಿನವರು ಎಡವುವುದು ಅಧ್ಯಕ್ಷರ ಮಾತನ್ನೇ ನೀತಿ ಎಂದುಕೊಂಡಾಗ. ಔಪಚಾರಿಕ ಒಪ್ಪಂದಕ್ಕೆ (ಟ್ರೀಟಿ) ಕಾಂಗ್ರೆಸ್‌ನ ಮೇಲ್ಮನೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು, ಬೊಕ್ಕಸದ ಕೀಲಿ ಕಾಂಗ್ರೆಸ್‌ನದು. ಹಾಗಂತ ಕಾಂಗ್ರೆಸ್ಸಿನ ಕಾಯ್ದೆಯೂ ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ರಷ್ಯಾದ ಎಸ್-400 ಕೊಂಡದ್ದಕ್ಕೆ ಅಮೆರಿಕದ ಎದುರಾಳಿಗಳನ್ನು ನಿರ್ಬಂಧಗಳಿಂದ ಮಣಿಸುವ 2017ರ ಕಾಟ್ಸಾ ಕಾಯ್ದೆಯಡಿ, ಅಮೆರಿಕದ್ದೇ ಸೇನಾ ಕೂಟವಾದ ನೇಟೊದ ಸದಸ್ಯ ಟರ್ಕಿಗೆ 2020ರಲ್ಲಿ ನಿರ್ಬಂಧ ಬಿತ್ತು. ಅದೇ ಕ್ಷಿಪಣಿ ವ್ಯವಸ್ಥೆ ಕೊಂಡ ಭಾರತದ ಮೇಲೆ ಆ ಕಾಯ್ದೆ ಬೀಳಲಿಲ್ಲ. ನಾಲ್ಕನೆಯ ಅಂಕಣದಲ್ಲಿ ಇಲ್ಲಿಯೂ ಚೀನಾ ಎಂದೇ ಬರೆದುಕೊಳ್ಳಿ, ಈ ಸಲ ಎದುರಾಳಿಯಾಗಿ.