ಕಾಸರಗೋಡಿಗೆ ಹೊಸದಾಗಿ ಬರುವವರಿಗೆ: ಮನೆ ಹಿಡಿಯುವ ಮುಂಚೆ ಸೆಕೆಯ ಲೆಕ್ಕ

ಬಳ್ಳಾರಿ, ರಾಯಚೂರು ಕಡೆಯಿಂದ ಇಲ್ಲಿನ ಶಾಲೆಗೋ ಬ್ಯಾಂಕಿಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಬರುವವರು ಮೊದಲ ವಾರದಲ್ಲೇ ಕೇಳುತ್ತಾರೆ: "40 ಡಿಗ್ರಿ ಕಂಡವರು ನಾವು, ಇಲ್ಲಿ 33ಕ್ಕೇ ಯಾಕೆ ಇಷ್ಟು ಸುಸ್ತು?" ಮೈ ತಣ್ಣಗಾಗುವುದು ಬೆವರು ಆರಿದಾಗ. ನಿಮ್ಮೂರಿನ ಒಣ ಗಾಳಿಗೆ ಅದು ಬೇಗ ಆರುತ್ತದೆ. ಇಲ್ಲಿನ ಗಾಳಿಯಲ್ಲಿ ಮೊದಲೇ ನೀರಿನ ಆವಿ ಜಾಸ್ತಿ. ಬೆವರು ಆರದೆ ಸುಮ್ನೆ ಇಳಿಯುತ್ತದೆ, ಅಷ್ಟೇ.

ಹಾಗಾಗಿ ಊರಿಂದ ಏರ್ ಕೂಲರ್ ಹೊತ್ತು ತರಬೇಡಿ. ನೀರು ಆವಿಯಾದರೆ ತಾನೇ ಅದು ತಂಪು ಕೊಡುವುದು? ಇಲ್ಲಿ ಅದು ಕೋಣೆಗೆ ಇನ್ನಷ್ಟು ಪಸೆ ಸೇರಿಸುತ್ತದೆ. ಫ್ಯಾನೇ ವಾಸಿ. ಅದು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಗೆ ಅಂಟಿದ ಒದ್ದೆ ಗಾಳಿಯನ್ನು ದೂಡುತ್ತದೆ. ಆದ್ದರಿಂದ ಮಂಚ ಫ್ಯಾನಿನ ನೇರ ಕೆಳಗಿರಲಿ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿ ಪ್ರಯೋಜನವಿಲ್ಲ.

ಮನೆ ನೋಡುವಾಗ ಎದುರುಬದುರು ಕಿಟಕಿ ಇದೆಯಾ ನೋಡಿ. ಮಧ್ಯಾಹ್ನದ ಕಡಲ ಗಾಳಿ ಪಡುವಣದಿಂದ ಬರುತ್ತದೆ, ಆ ಕಡೆ ಪಕ್ಕದ ಮನೆಯ ಗೋಡೆ ಅಡ್ಡ ಇದ್ದರೆ ಕಷ್ಟ. ತಾರಸಿ ಕೆಳಗಿನ ಮನೆಯಾದರೆ ಮೇಲೆ ಶೀಟ್ ಹಾಕಿದ್ದಾರಾ ಕೇಳಿ. ಹಗಲು ಕಾದ ಕಾಂಕ್ರೀಟು ರಾತ್ರಿಯಿಡೀ ಬಿಸಿ ಬಿಡುತ್ತದೆ. ಹಂಚಿನ ಮನೆ ಸಿಕ್ಕರೆ ಹಳತು ಅಂತ ಮೂಗು ಮುರಿಯಬೇಡಿ. ಬಿಸಿ ಗಾಳಿ ಹಂಚಿನ ಸಂದಿಯಲ್ಲೇ ಹೊರಗೆ ಹೋಗುತ್ತದೆ.

ಏಸಿ ಹಾಕಿಸುವವರು "ದೊಡ್ಡದೇ ಇರಲಿ" ಅನ್ನುತ್ತಾರೆ, ಅಲ್ವಾ? ಸಣ್ಣ ಕೋಣೆಗೆ ದೊಡ್ಡ ಏಸಿ ಬೇಗ ತಂಪು ಮಾಡಿ ನಿಲ್ಲುತ್ತದೆ, ಪಸೆ ಎಳೆಯುವಷ್ಟು ಹೊತ್ತು ಓಡುವುದೇ ಇಲ್ಲ. ಚಳಿಯೂ ಆಗುತ್ತದೆ, ಹಾಸಿಗೆಯೂ ಒದ್ದೆ ಒದ್ದೆ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಮಳೆಗಾಲಕ್ಕೆ ಡ್ರೈ ಮೋಡ್, ಅಂದರೆ ಏಸಿಯ ಪಸೆ ಎಳೆಯುವ ಸೆಟ್ಟಿಂಗ್, ಸಾಕು. ಹೊರಗಿನ ಪೈಪಿನಿಂದ ತೊಟ್ಟಿಕ್ಕುವ ನೀರು ನಿಮ್ಮ ಕೋಣೆಯ ಗಾಳಿಯಲ್ಲಿ ಇದ್ದದ್ದೇ.

ಜೂನ್ ಬಂತೆಂದರೆ ಕಥೆ ಬೇರೆ. ಗಾಳಿ 30 ಡಿಗ್ರಿ, ತೇವಾಂಶ ಶೇಕಡಾ 80 ಇದ್ದರೆ, 26ಕ್ಕಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತದೆ. ಏಸಿ ಕೋಣೆಯಿಂದ ಹೊರಬಂದ ಕೂಡಲೇ ಕನ್ನಡಕ ಮಂಜಾಗುವುದು ಅದಕ್ಕೇ. ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ, ಆ ನೀರೆಲ್ಲ ಗೋಡೆಗೆ ಹೋಗುತ್ತದೆ. ಕಪಾಟು ಹೊರಗೋಡೆಗೆ ತಾಗದೆ ಒಂದು ಗೇಣು ಈಚೆಗಿರಲಿ. ಬೂಷ್ಟು ಮೊದಲು ಹಿಡಿಯುವುದು ಚರ್ಮದ ಬೆಲ್ಟಿಗೆ, ಆಮೇಲೆ ರೇಷ್ಮೆ ಸೀರೆಗೆ.

ಸಾಧ್ಯವಾದರೆ ಮನೆಯನ್ನು ಮಳೆಗಾಲದಲ್ಲೇ ನೋಡಿ. ಬೇಸಗೆಯಲ್ಲಿ ಹೊಸ ಪೇಂಟು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೇಸಗೆಯಲ್ಲೇ ಬರಬೇಕಾಯಿತೋ, ಮಾಲೀಕರು ಏನಾದರೂ ಅಂದುಕೊಳ್ಳಲಿ, ಗೋಡೆಯೊಳಗಿನ ಕಪಾಟಿನ ಬಾಗಿಲು ತೆಗೆದು ಒಮ್ಮೆ ಮೂಸಿ ನೋಡಿ.