ಪಂಚಮಿಗೆ ಶೇಂಗಾ ಉಂಡೆ, ಜೊತೆಗೊಂದು ಸಾಲು
ಚಳ್ಳಕೆರೆ ಕಡೆಯ ಶೇಂಗಾ ಕೈಗೆ ಸಿಗುವಾಗ ನಾಗರ ಪಂಚಮಿಗೆ ಅಂಗಡಿ ಉಂಡೆ ಯಾಕೆ? ಎರಡು ಲೋಟ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಿ. ಒಂದು ಲೋಟ ಬೆಲ್ಲ ಕರಗಿಸಿ, ಸೋಸಿ, ಮತ್ತೆ ಕುದಿಸಿ. ಪಾಕದ್ದೇ ಜಾಸ್ತಿ ಕೆಲಸ: ತಣ್ಣೀರಿಗೆ ಬಿಟ್ಟ ಹನಿ ಕರಗದೆ ಗಟ್ಟಿ ಗುಂಡಾಗಬೇಕು, ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು, ಇಲ್ಲದಿದ್ದರೆ ಉಂಡೆ ಮೆತ್ತಗಾಗುತ್ತದೆ. ಏಲಕ್ಕಿ, ಶೇಂಗಾ ಬೆರೆಸಿ, ಕೈಗೆ ತುಪ್ಪ ಸವರಿಕೊಂಡು ಬಿಸಿಬಿಸಿ ಇರುವಾಗಲೇ ಕಟ್ಟಿ. ಮನೆಯವರನ್ನೂ ಕೂರಿಸಿಕೊಳ್ಳಿ, ಒಬ್ಬರೇ ಕಟ್ಟುವಷ್ಟರಲ್ಲಿ ಪಾಕ ಆರಿರುತ್ತದೆ.

ಮಕ್ಕಳ ಕೈಲಿ ಹಳೇ ಲಗ್ನಪತ್ರಿಕೆಯ ಪೊಟ್ಟಣ ಮಾಡಿಸಿ. ಹಾಲಿನವರು, ಬೀದಿ ಗುಡಿಸುವ ಅಕ್ಕ, ಪಕ್ಕದ ಮನೆ ಅಜ್ಜಿ, ಯಾರಿಗೆ ಕೊಡುತ್ತೀರೋ ಅವರ ಉಪಕಾರವನ್ನು ಅದರ ಮೇಲೆ ಬರೆಸಿ. ಸುಮ್ನೆ ‘ಥ್ಯಾಂಕ್ಸ್’ ಬೇಡ, ‘ಮಳೇಲಿ ಕೊಡೆ ಕೊಟ್ರಿ’ ಅಂತ ಬರೆಯಲಿ.